ಬಂದರಿನ ಗುಡ್ಡಕ್ಕೆ ಹೋದ ಎರೆಮಣ್ಣು

ನನ್ನ ಸೋದರತ್ತೆಯ ಗಂಡ ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು. ನವಲಗುಂದದ ಎರೆಹೊಲದ ಮನುಷ್ಯ ಸಮುದ್ರಕ್ಕೆ ಹೋದದ್ದೇ ಊರಿಗೊಂದು ಸೋಜಿಗ. ಹಡಗು ಮುಳುಗಿತೆಂದು ಕಾಗದ ಬಂದಾಗ ಅರ್ಧ ಊರು ನಂಬಿತು, ಅರ್ಧ ನಂಬಲಿಲ್ಲ. ಹೆಣ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಬಂಧುಬಳಗದವರು ಕುಣಿಯ ಸುತ್ತ ನಿಂತು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅದಕ್ಕೆ ಮಣ್ಣು ಕೊಡುವುದು ಅನ್ನುತ್ತೇವೆ. ಅತ್ತೆ ಊರಲ್ಲಿ ಯಾರು ಸತ್ತರೂ ಹೋಗಿ ಮಣ್ಣು ಕೊಟ್ಟು ಬರುತ್ತಿದ್ದಳು, ಗಂಡನಿಗೆ ಕೊಡಲು ಮಾತ್ರ ಅವಳಿಗೊಂದು ಕುಣಿ ಇರಲಿಲ್ಲ.

"ಮಣ್ಣ ಸಿಗಲಾರದ ಅಂವಾ ಇನ್ನೂ ದಾರ್ಯಾಗ ನಿಂತಾನವಾ," ಅನ್ನುತ್ತಿದ್ದಳು. ಅನ್ನುವಾಗ ಬಾಗಿಲ ಕಡೆ ನೋಡುತ್ತಿದ್ದಳು.

ಎಂಬತ್ತರ ದಶಕದ ಮಾತು. ನಾನಾಗ ಹೊಸದಾಗಿ ಶಾಲೆಯ ಅಕ್ಕೋರಾಗಿದ್ದೆ, ಕೇಳದಿದ್ದರೂ ಬುದ್ಧಿ ಹೇಳುವ ಚಟ. ಯಾರದೋ ಮನೆಯ ಕ್ಯಾಲೆಂಡರಿನಲ್ಲಿ ಗೋವಾದ ಬಂದರಿನ ಮೇಲಿನ ಗುಡ್ಡದ ಚಿತ್ರ ನೋಡಿದೆ. ಹಳೇ ಕೋಟೆ, ಉದ್ಯಾನ, ನಡುವೆ ಒಂದು ಕಂಬ. ಸಮುದ್ರದಲ್ಲಿ ಸತ್ತ ನಾವಿಕರ ನೆನಪಿಗೆ ನಿಲ್ಲಿಸಿದ್ದು ಎಂದು ಕೆಳಗೆ ಬರೆದಿತ್ತು. "ಮಾವನ ಹೆಸರು ಅದರ ಮ್ಯಾಲೆ ಇರ್ತೈತಿ ನೋಡತ್ತಿ," ಎಂದು ಹೇಳಿಯೇ ಬಿಟ್ಟೆ. ನನ್ನನ್ನು ಯಾರು ಕೇಳಿದ್ದರು? ಊರ ಕೆರೆಯ ಆಚೆ ದಂಡೆಗಿಂತ ದೂರದ ನೀರು ಕಾಣದವರು ನಾವು. ಸಮುದ್ರ ಒಂದು, ಅದರಲ್ಲಿ ಸತ್ತವರಿಗೆಲ್ಲ ಕಲ್ಲೂ ಒಂದೇ ಅಂತ ನನ್ನ ಲೆಕ್ಕ.

ಅತ್ತೆ ಹೊಲಕ್ಕೆ ಹೋಗಿ, ಗಂಡ ಹರಗುತ್ತಿದ್ದ ಪಟ್ಟಿಯಿಂದ ಒಂದು ಹಿಡಿ ಕರಿಮಣ್ಣು ತಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಅಳ್ನಾವರದಲ್ಲಿ ನಾವಿಬ್ಬರೂ ಗೋವಾದ ರೈಲು ಹತ್ತಿದ ಮೇಲೂ ಅವಳು ಅದನ್ನು ತೊಡೆಯಿಂದ ಇಳಿಸಲಿಲ್ಲ. ಎದುರಿಗೆ ಕೂತವರೊಬ್ಬರು ಕೇಳಿದರು, "ಅವಲಕ್ಕಿ ಏನ್ರಿ?"

"ಅಲ್ರಿ, ನಮ್ಮ ಹೊಲರಿ," ಅಂದಳು ಅತ್ತೆ.

ಗುಡ್ಡ ಏರಿದಾಗ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಕೋಟೆಯ ಗೋಡೆಯ ಮೇಲೆ ತುಕ್ಕು ಹಿಡಿದ ಫಿರಂಗಿ, ಅದರ ಬಾಯಲ್ಲಿ ಗುಬ್ಬಿ ಗೂಡು. ಒಪ್ಪವಾಗಿ ಕತ್ತರಿಸಿದ ಹುಲ್ಲು. ಕೆಳಗೆ ಬಂದರು, ಅದಿರು ತುಂಬುವ ಹಡಗುಗಳು, ಆಮೇಲೆ ಬರೀ ನೀರು. ಎಂಥ ಚೆಲುವು ಅದು! ನನಗೆ ಬಂದ ಕೆಲಸವೇ ಮರೆತುಹೋಯಿತು. ಅತ್ತೆ ಬಹಳ ಹೊತ್ತು ನೋಡಿ, "ಒಂದ ಕೊಡ ನೀರಿಗೆ ಹರದಾರಿ ನಡೀತಿದ್ದ. ಇಷ್ಟ ನೀರ ನೋಡಿ ಖುಷಿಪಟ್ಟಿರ್ತಾನ ತಗೋ," ಅಂದಳು.

ಕಂಬದ ಹತ್ತಿರ ಹೋದೆವು. ಇಂಗ್ಲಿಷ್ ಅಕ್ಷರದಲ್ಲಿ ಹನ್ನೊಂದು ಹೆಸರು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ನಮ್ಮ ಕಡೆಯ ಹೆಸರು ಒಂದೂ ಇಲ್ಲ. ಕೆಳಗೆ ಕೆತ್ತಿದ ಇಸವಿ ನೋಡಿದರೆ, ನನ್ನ ಅಜ್ಜ ಹುಟ್ಟುವ ಮೊದಲೇ ಇಲ್ಲಿ ಒಡೆದ ಯಾವುದೋ ಪರದೇಶಿ ಹಡಗಿನವರು ಅವರು. ಅತ್ತೆಗೆ ಓದು ಬಾರದು. ಯಾವುದೋ ಹೆಸರಿನ ಮೇಲೆ ಅವಳ ಬೆರಳಿಟ್ಟು ಇದೇ ಅಂದಿದ್ದರೆ ಆಗುತ್ತಿತ್ತು. ಅವಳು ಗಂಟು ಬಿಚ್ಚುತ್ತಿದ್ದಳು.

"ಮಾವನ ಹೆಸರಿಲ್ಲ ಅತ್ತಿ. ನಂದು ತಪ್ಪಾತು."

ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಕಂಬವನ್ನು ಒಂದು ಸುತ್ತು ಹಾಕಿ ಬಂದು ಕೇಳಿದಳು.

"ಇವರು ಯಾವ ಊರವರು?"

"ಸಮುದ್ರದ ಆಚಿಯವರು."

"ಇವರ ಮನಿಯವರು ಬಂದಿದ್ರೇನು?"

"ಅಷ್ಟ ದೂರದಿಂದ ಹೆಂಗ ಬರಬೇಕತ್ತಿ?"

ಅತ್ತೆ ಸೆರಗು ಹೊದ್ದು ಕಂಬದ ಬುಡದಲ್ಲಿ ಕೂತಳು. "ಒಂದೊಂದ ಹೆಸರ ಓದು," ಅಂದಳು.

ಓದಿದೆ. ನಾಲಿಗೆ ಹೊರಳದ ಹೆಸರುಗಳು. ಒಂದೊಂದಕ್ಕೂ ಒಂದು ಚಿಟಿಕೆ ಎರೆಮಣ್ಣು ಹಾಕಿ, ಕೈ ಮುಗಿದು, ಮುಂದಿನದಕ್ಕೆ ಕಾಯುತ್ತಿದ್ದಳು. ನಾನು ಅವಸರ ಮಾಡಿದರೆ, "ಸಾವಕಾಶ ಓದವಾ, ಯಾರದೋ ಮಕ್ಕಳು," ಅನ್ನುವಳು. ಹನ್ನೊಂದನೆಯ ಹೆಸರಿಗೆ ಬಟ್ಟೆ ಖಾಲಿಯಾಯಿತು.

"ಅತ್ತಿ, ಮಾವಗ ಉಳೀಲಿಲ್ಲಲ್ಲ," ಅಂದೆ.

ಅವಳು ಬಟ್ಟೆ ಕೊಡವಿ ಮಡಚಿದಳು. "ಅಲ್ಲೆ ಆಚಿ ದಂಡ್ಯಾಗೂ ಹೆಂಗಸರು ಇರ್ತಾರಲ್ಲವಾ. ಯಾವಾಕಿಯರ ಒಬ್ಬಾಕಿ ಅಂವಗ ಮಣ್ಣ ಕೊಟ್ಟಿರ್ತಾಳ. ನಡಿ, ಹೋಗೂಣು."

ಅವಳು ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ದಾರಿಯಲ್ಲಿ ನಿಂತಿದ್ದಾನೆಂಬ ಮಾತನ್ನು ಮತ್ತೆ ಅವಳ ಬಾಯಲ್ಲಿ ನಾನು ಕೇಳಲಿಲ್ಲ.