ಕಾಕುವಿನ ಜೋಡಿ

ಹಾಡುವಾಗ ಕಾಕುವಿನ ಬಲಗೈ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ಬೀಸುಕಲ್ಲು ಇಲ್ಲದಿದ್ದರೂ ಮುಷ್ಟಿ ಬಿಗಿದು ಗಾಳಿಯಲ್ಲೇ ಗುಂಡಗೆ ತಿರುಗಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ, ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬೀಸುಕಲ್ಲು ಯಾರಿಗೆ ಬೇಕು? ಜೋಳದ ಡಬ್ಬಿ ಗಿರಣಿಗೆ ಹೋಗಿ ಹಿಟ್ಟಾಗಿ ಬರುತ್ತಿತ್ತು. ವಿಜಾಪುರದ ಕಡೆಯಿಂದ ಬಂದ ಕಾಕು ಕಲ್ಲು ಬಿಟ್ಟುಬಂದರೂ ಬೀಸುವ ಪದಗಳನ್ನು ಬಿಟ್ಟುಬಂದಿರಲಿಲ್ಲ. ಸಾಲುಕೋಣೆಗಳ ನಮ್ಮ ಚಾಳಿನಲ್ಲಿ ಅವರದು ಪಕ್ಕದ ಖೋಲಿ; ಚಿಕ್ಕಮ್ಮ ಎನ್ನುವಂತೆ ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು.

ಆ ಪದಗಳನ್ನು ಒಬ್ಬರೇ ಹಾಡಿದರೆ ರುಚಿಯಿಲ್ಲ. ಒಂದೇ ಕಲ್ಲಿಗೆ ಇಬ್ಬರು ಕೂತಂತೆ, ಒಬ್ಬರು ಸಾಲು ಎತ್ತಬೇಕು, ಇನ್ನೊಬ್ಬರು ಅದು ಕೆಳಗೆ ಬೀಳದಂತೆ ಹಿಡಿಯಬೇಕು. ಕಾಕುವಿನ ಜೋಡಿ ಊರಲ್ಲೇ ಉಳಿದಿದ್ದಳು. ಇಲ್ಲಿ ಹೊಸಬಳನ್ನು ಹುಡುಕುತ್ತಿದ್ದಾರೆಂದು ಕೇಳಿದಾಗ ನನ್ನನ್ನಲ್ಲದೆ ಇನ್ಯಾರನ್ನು ಕರೆದಾರು ಎಂದುಕೊಂಡೆ. ಗಣಪತಿ ಹಬ್ಬದಲ್ಲಿ ಇಡೀ ಚಾಳು ನನ್ನ ಹಾಡಿಗೆ ತಲೆದೂಗುತ್ತಿತ್ತು. ಅವರು ಕರೆದದ್ದು ನನ್ನ ನೆಗೆಣ್ಣಿಯನ್ನು. ಅವಳದೋ ಒಡಕು ದನಿ!

ತಡೆಯಲಾರದೆ ಕೇಳಿಯೇಬಿಟ್ಟೆ.

“ನಿನ್ನ ದನಿ ಭಾಳ ಛಲೋ ಐತಿ ಬಿಡವಾ,” ಎಂದರು ಕಾಕು. “ಆದ್ರ ಅದು ಯಾರ ಸಲುವಾಗೂ ನಿಂದರಂಗಿಲ್ಲ, ಮುಂದ ಓಡತೈತಿ. ಆಕಿ ನನ್ನ ಹಾದಿ ಕಾಯ್ತಾಳ.”

ಗಂಡಸರು ಲೋಕಲ್ ರೈಲು ಹಿಡಿದು ಹೋದ ಮೇಲೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಇಬ್ಬರ ಹಾಡು ಶುರುವಾಗುತ್ತಿತ್ತು. ನಾನು ಒಳಗೆ ಪಾತ್ರೆ ತಿಕ್ಕುತ್ತ, ನೆಗೆಣ್ಣಿ ಎಲ್ಲಿ ತಪ್ಪುತ್ತಾಳೆಂದು ಕಿವಿಗೊಟ್ಟು ಕಾಯುತ್ತಿದ್ದೆ. ತಪ್ಪಿದರೂ ಕಾಕು ಬೈಯುತ್ತಿರಲಿಲ್ಲ. “ಇರ್ಲಿ ತಗೋ, ಮತ್ತ ಬೀಸೂಣು,” ಎಂದು ನಕ್ಕು ಮೊದಲಿನಿಂದ ಎತ್ತುತ್ತಿದ್ದರು. ಕಲ್ಯಾಣ, ಠಾಣೆಯಲ್ಲಿ ನಮ್ಮ ಕಡೆಯವರ ಮದುವೆಯಾದರೆ ಬೀಸುಕಲ್ಲಿನ ಪೂಜೆಗೆ ಇಬ್ಬರಿಗೂ ಕರೆ, ಇಬ್ಬರಿಗೂ ಕುಪ್ಪಸದ ಕಣ. ನಾನು ಅಲ್ಲಿ ಚಹಾ ಸೋಸುತ್ತಿದ್ದೆ.

ಎಂಬತ್ತರ ದಶಕದಲ್ಲಿ ಕಾಕು ತೀರಿಕೊಂಡರು. ಮರುವರ್ಷ ಠಾಣೆಯ ನೌಪಾಡಾದಲ್ಲಿ ಅವರ ಮೊಮ್ಮಗಳ ಮದುವೆ. ಕನ್ನಡ ತಿಳಿದರೂ ಮರಾಠಿಯಲ್ಲೇ ಮಾತಾಡುವ ಹುಡುಗಿ, “ಆಜೀಚಂ ಗಾಣಂ ಮ್ಹಣಾ ನಾ,” ಎಂದು ಅಜ್ಜಿಯ ಹಾಡು ಬೇಡಿದಳು. ನೆಗೆಣ್ಣಿ ಮೊದಲ ಸಾಲು ಎತ್ತಿ ನಿಂತಳು. ಹಿಡಿಯುವವರಿಲ್ಲ.

ನಾನು ಹಿಡಿದೆ. ಅವಳನ್ನು ದಾಟಿ ಓಡದಂತೆ ಹಲ್ಲುಕಚ್ಚಿ ಕಾಯುತ್ತ, ಕೊನೆಯವರೆಗೂ ಹಿಡಿದೆ. ಮುಗಿದಾಗ ಹಿರಿಯ ಹೆಂಗಸರು ಕಣ್ಣೊರೆಸಿಕೊಂಡು, “ಥೇಟ್ ಕಾಕುನ್ನ ಕೇಳಿದಂಗಾತು ನೋಡವಾ,” ಎಂದು ನೆಗೆಣ್ಣಿಯ ಗಲ್ಲ ಹಿಡಿದರು. ನನ್ನತ್ತ ಒಬ್ಬರೂ ನೋಡಲಿಲ್ಲ.

ನೆನೆದರೆ ಇವತ್ತಿಗೂ ಉರಿಯುತ್ತದೆ. ಬೇರೆಯವರು ಅಕ್ಕರೆಯಿಂದ ಕಲಿಸಿದ ಹಾಡುಗಳೆಲ್ಲ ನನಗೆ ಮರೆತುಹೋಗಿವೆ. ಕಾಕು ನನಗೆ ಕಲಿಸದ ಪದಗಳಲ್ಲಿ ಒಂದೂ ಮರೆತಿಲ್ಲ.