ಬೈರಮ್ಮನ ಹಸು ಕುಡಿದ ಹಸಿರು ನೀರು

ಅರಕೆರೆಯ ನಮ್ಮ ಬೀದಿಯಲ್ಲಿ ಬೈರಮ್ಮ ಏಳು ಮನೆಯ ಕಲಗಚ್ಚು ಹೊರುತ್ತಿದ್ದಳು. ಅಕ್ಕಿ ತೊಳೆದ ನೀರು, ಹಳಸಿದ ಅನ್ನ, ತರಕಾರಿ ಸಿಪ್ಪೆ ಎಲ್ಲವೂ ಜಗಲಿ ಪಕ್ಕದ ಬಕೀಟಿಗೆ ಬೀಳುತ್ತಿತ್ತು. ಬೆಳಿಗ್ಗೆ ಅವಳು ಬಂದು ತನ್ನ ಡಬ್ಬಕ್ಕೆ ಬಗ್ಗಿಸಿಕೊಳ್ಳುತ್ತಿದ್ದಳು. ಆ ಮನೆಗಳವರು ಉಳಿದ ಮುದ್ದೆಯನ್ನೂ ಕೊಡುತ್ತಿದ್ದರು. ಗಂಡನಿಲ್ಲ, ಜಮೀನಿಲ್ಲ. ಇದ್ದದ್ದು ಒಂದು ಸೀಮೆಹಸು. ಅದರ ಹಾಲು ಡೇರಿಗೆ ಹೋದರೆ ಅವಳ ಒಲೆ ಉರಿಯುತ್ತಿತ್ತು. ಬಗ್ಗಿಸುವ ಮೊದಲು ಬೆರಳದ್ದಿ ನಾಲಿಗೆಗೆ ಮುಟ್ಟಿಸುವುದು ಅವಳ ಪದ್ಧತಿ. ಹುಳಿ ಹೆಚ್ಚಿದ್ದರೆ ಹಸುವಿಗೆ ಇಡಳು.

ತೊಂಬತ್ತಾರನೇ ಇಸವಿ, ಯುಗಾದಿಯ ಮಾರನೇ ದಿನ ಹೊನ್ನಪ್ಪನ ಮನೆಯ ಬಕೀಟಿನ ತುಂಬ ಹಸಿರು ನೀರಿತ್ತು. ಬೆರಳದ್ದಿದಳು. ಸಿಹಿ!

"ಹೊನ್ನಪ್ಪನೋರ ಹೆಂಡ್ರು ಅಣ್ಣಮ್ಮೋರು ಒಬ್ಬಟ್ಟಿನ ಪಾತ್ರೆ ತೊಳ್ದು ಉಯ್ದವ್ರೆ ಕಣಕ್ಕ, ಸೊಪ್ಪಿನ ನೀರೂ ಸೇರ್ಕಂಡದೆ. ಆ ಮನೆಯಿಂದ ಸಿಹಿ ಬಂದಿದ್ದು ಇದೇ ಮೊದ್ಲು" ಎಂದು ನನ್ನ ಮುಂದೆ ಹಿಗ್ಗಿದಳು. ಹಸು ಬಾನಿಯ ತಳವನ್ನೂ ನೆಕ್ಕಿತು.

ನಾನಿನ್ನೂ ಅವಳ ಕೊಟ್ಟಿಗೆಯ ಮುಂದೆ ಇದ್ದೆ, ಹೊನ್ನಪ್ಪ ಬಂದ. ಟ್ರಾಕ್ಟರಿನ ರೇಡಿಯೇಟರ್ ಪೈಪು ಬದಲಿಸಲು ಒಳಗಿನ ನೀರನ್ನು ಆ ಬಕೀಟಿಗೆ ಬಸಿದಿಟ್ಟಿದ್ದನಂತೆ, ಮತ್ತೆ ಸುರಿಯಲು.

"ಎಲ್ಲೋಯ್ತಮ್ಮೀ ನನ್ ಕೂಲೆಂಟು?"

"ಅಂಗಂದ್ರೇನು ಗೌಡ್ರೇ?"

"ಇಂಜಿನ್ನು ಕಾಯದಂಗೆ ತಣ್ಣಗಿಡೋ ಔಸ್ದಿ ಕಣೆ. ಹಸಕ್ಕೆ ಕುಡಿಸ್ಬುಟ್ಟಾ? ಬರೀ ನೀರು ಉಯ್ದ್ರೆ ತುಕ್ಕಿಡೀತದೆ. ನಿಮ್ಮಪ್ಪ ತಂದ್ಕೊಟ್ಟಾನಾ?"

"ನನ್ ಹಸಕ್ಕೇನೂ ಆಗಕಿಲ್ವಾ?"

"ನನ್ ಟ್ರಾಕ್ಟ್ರು ನಿಂತದೆ, ಇವಳಿಗೆ ಹಸಿನ್ ಚಿಂತೆ!"

ಸಂಜೆಗೆ ಹಸು ಹೆಂಡ ಕುಡಿದವರಂತೆ ತೂರಾಡಿತು. ಮಾರನೇ ದಿನ ಗಂಜಲ ನಿಂತಿತು. ದನದ ಡಾಕ್ಟರು ಬಂದು, "ಏನು ಕುಡಿಸಿದ್ರಿ?" ಎಂದರು. ಬೈರಮ್ಮ, "ಅದೇನೋ ಹಸುರು ನೀರು" ಎಂದಳು, ಆ ಹೆಸರು ನಾಲಿಗೆಗೆ ಬರಲಿಲ್ಲ. ಹೊನ್ನಪ್ಪನ ಮನೆಗೆ ಓಡಿದಳು. ಅವನು, "ನನ್ ಹೆಸ್ರು ಎತ್ತಿದ್ರೆ ನೋಡು" ಎಂದು ಬಾಗಿಲು ಹಾಕಿಕೊಂಡ.

ಹೆಸರು ನನ್ನ ಕಿವಿಯಲ್ಲಿತ್ತು. ಡಾಕ್ಟರ ಪಕ್ಕದಲ್ಲೇ ನಿಂತಿದ್ದ ನಾನೂ ಹೇಳಲಿಲ್ಲ. ನಮ್ಮ ಗದ್ದೆ ಉಳುವುದು ಅವನ ಟ್ರಾಕ್ಟರೇ.

ಮೂರನೇ ದಿನ ಹಸು ಸತ್ತಿತು. ಹೊನ್ನಪ್ಪ ಬೇಲಿಯಾಚೆ ನಿಂತು, "ಇಂಜಿನ್ ತಣ್ಣಗಿಡೋದು ಹಸನೂ ತಣ್ಣಗ್ ಮಾಡ್ಬುಡ್ತಲ್ಲಮ್ಮೀ" ಎಂದ. ನೋಡಲು ನಿಂತಿದ್ದವರು ನಕ್ಕರು.

ಮರುದಿನ ಬೆಳಿಗ್ಗೆ ಅಣ್ಣಮ್ಮ ಬೀದಿಗೆ ಕೇಳುವಂತೆ ಕೂಗಿದಳು: "ಬೈರೀ, ಬಕೀಟು ನಾರ್ತಾ ಅದೆ, ಎತ್ಕಂಡೋಗೇ. ಹಸ ಇಲ್ದಿದ್ರೆ ತಿಪ್ಪೆಗುಯ್ಯಿ. ನಿಂಗೆ ಮುದ್ದೆ ಬ್ಯಾಡ್ವಾ?"

ಬೈರಮ್ಮ ಡಬ್ಬ ಹಿಡಿದು ಬಂದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಬಗ್ಗಿಸಿಕೊಂಡು ತಿಪ್ಪೆಯ ಕಡೆ ನಡೆದಳು.