ಬೀಟೆ ಹುಡಿಯ ಮೇಲೆ ಹೊರಿಸಿದ ತುರಿಕೆ

ನಮ್ಮ ಯಜಮಾನರು ಲಷ್ಕರ್ ಮೊಹಲ್ಲಾದ ಒಂದು ಕಾರ್ಖಾನೆಯಲ್ಲಿ ಬೀಟೆ ಹಲಗೆಗೆ ಬಿಳಿ ಮರದ ಚೂರು ಕೂರಿಸಿ ಚಿತ್ರ ಮಾಡುತ್ತಿದ್ದರು. ಇವರು ಕೂರಿಸಿದ ಆನೆಯ ಮೇಲೆ ಬೆರಳಾಡಿಸಿದರೆ ಒಂದು ಮರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಒಂದು ಮೊಳೆ ಹೊಡೆಯಿರಿ ಎಂದರೆ ಮಾತ್ರ ಪುರುಸೊತ್ತಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಇವರಿಗೆ ತುರಿಕೆ ಹಿಡಿಯಿತು. ಅಂಗೈ, ಅಂಗಾಲಿನಲ್ಲಿ ಶುರುವಾಗಿ ಮೈಗೆಲ್ಲ ಹರಡಿತು. ಬೀಟೆ ಹುಡಿ ಕೆಲವರಿಗೆ ಒಗ್ಗುವುದಿಲ್ಲ ಎಂದು ಕೇಳಿದ್ದೆ. ಅದೇ ಎಂದು ತೀರ್ಮಾನಿಸಿಬಿಟ್ಟೆ. ಬೇವಿನ ನೀರು ಹೊಯ್ದೆ, ಎಣ್ಣೆ ಹಚ್ಚಿದೆ. ಇಷ್ಟು ವರ್ಷ ಇಲ್ಲದ್ದು ಈಗೇಕೆ ಬರುತ್ತದೆ ಎಂದು ಇವರು ಕೇಳಿದರು. ಹಟ ಹಿಡಿದರೆ ನಾನು ಯಾರ ಮಾತೂ ಕೇಳುವವಳಲ್ಲ. ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದು, ಇವರ ಕೈಯನ್ನು ಅವಳ ತಲೆಯ ಮೇಲಿರಿಸಿ, ಇನ್ನು ಬೀಟೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದೆ. ಮಗುವಿನ ಮುಖ ನೋಡುತ್ತ ನಾನು ಹೇಳಿಕೊಟ್ಟ ಹಾಗೇ ಹೇಳಿದರು.

ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ತುರಿಕೆ ಬಿಡಲಿಲ್ಲ. ಕಣ್ಣು ಹಳದಿಯಾದಾಗ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೈಮೇಲೆ ಗಂಧೆ, ದದ್ದು ಏನಾದರೂ ಎದ್ದಿತ್ತೇ ಎಂದು ಡಾಕ್ಟರು ಕೇಳಿದರು. ಎದ್ದಿರಲಿಲ್ಲ, ಇದ್ದದ್ದು ಕೆರೆದ ಗಾಯಗಳಷ್ಟೇ. ಮೂತ್ರ ಕಡುಹಳದಿಯಾಗಿ, ಮಲ ಬಿಳಿಚಿಕೊಂಡಿತ್ತು ಎಂದು ಇವರು ಆಗ ಬಾಯಿಬಿಟ್ಟರು. ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ. ಪಿತ್ತ ಹರಿಯುವ ನಾಳಕ್ಕೆ ಕಲ್ಲು ಅಡ್ಡ ಕೂತಿದೆ, ಕರುಳಿಗೆ ಇಳಿಯಬೇಕಾದ ಪಿತ್ತ ಹಿಂದಕ್ಕೆ ತಿರುಗಿ ರಕ್ತ ಸೇರುತ್ತಿದೆ, ಈ ತುರಿಕೆ ಒಳಗಿನಿಂದ ಬರುವುದು, ಮೇಲೆ ಎಣ್ಣೆ ಹಚ್ಚಿ ಫಲವಿಲ್ಲ ಎಂದು ಡಾಕ್ಟರು ವಿವರಿಸಿದರು. ಬೀಟೆ ಹುಡಿಯ ಮಾತು ನಾನೇ ಎತ್ತಿದೆ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಪರೇಷನ್ ಮಾಡಿ ಕಲ್ಲು ತೆಗೆದರು, ತುರಿಕೆ ನಿಂತಿತು. ಕಾರ್ಖಾನೆಯ ಮಾಲೀಕರು ಹೇಳಿಕಳಿಸಿದರು. ಇವರು ಹೋಗಲಿಲ್ಲ, ನಜರ್‌ಬಾದಿನ ಸೌದೆ ಡಿಪೋದಲ್ಲಿ ತೂಕ ಹಾಕುವ ಕೆಲಸ ಹಿಡಿದರು. ತಪ್ಪು ನನ್ನದು, ಆಣೆ ವಾಪಸ್ ತೆಗೆದುಕೊಂಡಿದ್ದೇನೆ, ಹೋಗಿ ಎಂದು ಅಂಗಲಾಚಿದೆ.

"ನೀನು ವಾಪಸ್ ತಗೊಂಡ್ಬುಟ್ರೆ ಆಯ್ತಾ? ನಾನು ಮುಟ್ಟಿದ್ದು ಮಗು ತಲೆ ಕಣೆ. ನಾಳೆ ಅದರ ಮೈ ಬಿಸಿಯಾದ್ರೆ ನಾನು ತಡ್ಕೊಳಲ್ಲ" ಎಂದರು.

ಇದೆಂಥ ಮೂಢನಂಬಿಕೆ ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಬೇರೆ ಯಾವ ಆಣೆಗೂ ಇವರು ಬಗ್ಗುವುದಿಲ್ಲ ಎಂದು ಗೊತ್ತಿದ್ದೇ ನಾನು ಆವತ್ತು ಮಗುವನ್ನು ಎತ್ತಿಕೊಂಡು ಬಂದಿದ್ದೆ.